ಬೋರೇಗೌಡರು ಅಲ್ಲಾಡಿರಲಿಲ್ಲ

ಎಡಗೈ ತೋರುಬೆರಳು ಚುರ್ ಎಂದಿತು. ಗ್ಲೌಸ್ ಒಳಗೆ ಒಂದು ಕೆಂಪು ಚುಕ್ಕೆ.

ಆಗಷ್ಟೇ ಬೋರೇಗೌಡರಿಗೆ ಇಂಜೆಕ್ಷನ್ ಕೊಟ್ಟ ಸೂಜಿ ಅದು. ಹಾರೋಹಳ್ಳಿಯಲ್ಲಿ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದರಲ್ಲಿ ಅವರು ಸೆಕ್ಯುರಿಟಿ. ಗಿರಿಜಾ ಮೀಸೆ. ಜ್ವರವೆಂದು ನಾನು ಕೆಲಸ ಮಾಡುವ ನರ್ಸಿಂಗ್ ಹೋಮಿಗೆ ಬಂದಿದ್ದರು. ಸೂಜಿ ಕಂಡೊಡನೆ ಕಣ್ಣು ಮುಚ್ಚಿಕೊಂಡರು, ಆದರೆ ಮಿಸುಕಾಡಲಿಲ್ಲ. ಬಳಸಿದ ಸೂಜಿಗೆ ಎರಡೂ ಕೈಯಲ್ಲಿ ಮುಚ್ಚಳ ಹಾಕಲು ಹೋದವಳು ನಾನು. ‘ಮುಚ್ಚಳ ಹಾಕಬೇಡಿ, ಹಾಗೇ ಡಬ್ಬಕ್ಕೆ ಬಿಡಿ’ ಎಂಬ ಚಾರ್ಟು ಗೋಡೆಯ ಮೇಲೆ ಎದುರಿಗೇ ಇತ್ತು. ಅದನ್ನು ಬರೆದವಳೂ ನಾನೇ.

"ಏನಾಯ್ತು ಸಿಸ್ಟರ್?" ಎಂದರು ಡಾಕ್ಟರು.

"ಪೇಷಂಟ್ ಅಲ್ಲಾಡಿಬಿಟ್ರು ಸಾರ್."

ನಾನು ಪಾಠ ಹೇಳಿಕೊಡುತ್ತಿದ್ದ ಇಬ್ಬರು ಹೊಸ ನರ್ಸುಗಳು ಹಿಂದೆ ನಿಂತಿದ್ದರು. ಮರ್ಯಾದೆ ಉಳಿಸಿಕೊಳ್ಳಲು ನಾಲಿಗೆ ತಾನಾಗಿ ಹೊರಳಿತು. ಕಣ್ಣು ಮುಚ್ಚಿದ್ದರಿಂದ ಗೌಡರೂ ನಂಬಿದರು.

ಬೆರಳನ್ನು ಸೋಪುನೀರಿನಲ್ಲಿ ತೊಳೆದೆ. ಗೌಡರ ರಕ್ತ ಟೆಸ್ಟ್ ಮಾಡಬೇಕಿತ್ತು. "ಚುಚ್ಕಂಡೋರು ನೀವು, ಇನ್ನೊಂದ್ ಸೂಜಿ ನಂಗ್ಯಾಕೆ?" ಎಂದವರೇ ಚಪ್ಪಲಿಯನ್ನೂ ಬಿಟ್ಟು ಕನಕಪುರದ ಬಸ್ಸಿನತ್ತ ಓಡಿದರು. ನಾನೂ, ಹೊರಗೆ ಕೂತಿದ್ದ ಅವರ ಹೆಂಡತಿ ಜಯಮ್ಮನೂ ಹಿಂದೆಯೇ ಓಡಿ, ಪುಸಲಾಯಿಸಿ ಕರೆತಂದೆವು.

ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಪಾಸಿಟಿವ್.

ಅದರ ಮೂರು ಡೋಸ್ ಲಸಿಕೆ ತಪ್ಪಿಸಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದ ನಾನು ಹಾಕಿಸಿಕೊಂಡಿದ್ದು ಎರಡೇ. ಅಂದೇ ಬೆಂಗಳೂರಿಗೆ ಹೋಗಿ ಸೋಂಕು ತಡೆಯುವ ಇಮ್ಯುನೊಗ್ಲೋಬುಲಿನ್ ಇಂಜೆಕ್ಷನ್ ಜೊತೆಗೆ ಬಾಕಿ ಡೋಸನ್ನೂ ಹಾಕಿಸಿಕೊಂಡೆ. ಆರು ತಿಂಗಳು ಕಳೆದು ಟೆಸ್ಟ್ ಆಗುವವರೆಗೆ ಖಚಿತವಾಗಿ ಏನೂ ಹೇಳಲಾಗದು ಎಂದರು.

ದಿನಾ ಬೆಳಗ್ಗೆ ಕನ್ನಡಿಯೆದುರು ರೆಪ್ಪೆ ಎಳೆದು ಕಣ್ಣಲ್ಲಿ ಹಳದಿ ಹುಡುಕುತ್ತಿದ್ದೆ. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಇದು ರಕ್ತದಿಂದ ಹರಡುವುದು, ತಟ್ಟೆಯಿಂದಲ್ಲ ಎಂದು ವಿವರಿಸಿದೆ. "ಆಯ್ತು ಕಣವ್ವ, ಆದ್ರೂ ಇರ್ಲಿ" ಎಂದರು. ನಗು ಬರುತ್ತಿತ್ತು. ಆದರೆ ಮಗಳ ಉಗುರು ಕತ್ತರಿಸುವ ಕೆಲಸವನ್ನು ಅತ್ತೆಗೇ ಬಿಟ್ಟೆ. ನಿಜವಾಗಿ ಹೆದರಿದ್ದೆ.

ಹೋದ ತಿಂಗಳು ರಿಪೋರ್ಟ್ ಬಂತು. ನೆಗೆಟಿವ್.

ಅಂದೇ ಗೌಡರು ಹೆಂಡತಿ ಮಕ್ಕಳಿಗೆ ಮೂರನೇ ಡೋಸ್ ಹಾಕಿಸಲು ಬಂದಿದ್ದರು. ಅವರ ಲಿವರ್‌ಗೂ ಸದ್ಯಕ್ಕೆ ತೊಂದರೆಯಿರಲಿಲ್ಲ. ನನ್ನ ಸುದ್ದಿ ಕೇಳಿ ಕಣ್ಣೊರೆಸಿಕೊಂಡರು.

"ನಾನ್ ಅಲ್ಲಾಡಿ ನಿಮ್ ಜೀವಕ್ಕೇ ಕುತ್ತು ತಂದ್ಬುಟ್ನಲ್ಲ ಅಂತ ಅನ್ನ ಸೇರ್ತಿರ್ಲಿಲ್ಲ ಸಿಸ್ಟರ್."

ನಾಚಿಕೆಯಿಂದ ನೆಲ ನೋಡಿದೆ. ಡಾಕ್ಟರು, ಆ ಇಬ್ಬರು ನರ್ಸುಗಳು, ಎಲ್ಲರೂ ಅಲ್ಲೇ ಇದ್ದರು.

"ನೀವು ಅಲ್ಲಾಡ್ಲಿಲ್ಲ ಗೌಡ್ರೆ. ಮುಚ್ಚಳ ಹಾಕೋಕೆ ಹೋಗಿ ನಾನೇ ಚುಚ್ಚಿಕೊಂಡೆ. ಸುಳ್ಳು ಹೇಳಿದ್ದೆ."

ಬಯ್ಯುತ್ತಾರೆ ಎಂದುಕೊಂಡೆ. ಗೌಡರು ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು.

"ಕೇಳಿಸ್ಕಂಡ್ಯೇನಮ್ಮಿ? ಆರು ತಿಂಗ್ಳಿಂದ ಪುಕ್ಲ ಪುಕ್ಲ ಅಂತಿದ್ಯಲ್ಲ!" ಆಮೇಲೆ ನನಗೆ ಹೇಳಿದರು, "ಇನ್ನೊಂದ್ ಕಿತ ಹೇಳಿ ಸಿಸ್ಟರ್. ಒಸಿ ಜೋರಾಗಿ."

ವಾರ್ಡಿಗೆಲ್ಲ ಕೇಳುವಂತೆ ಹೇಳಿದೆ.