ಯಾವುದರ ಶೇಕಡಾ?

ನಿನ್ನೆ ಸಂಜೆ ಈ ಪರದೇಶದಲ್ಲಿ ನಮ್ಮವರ ಪೇಟೆಯಾದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕರಿಬೇವು, ನುಗ್ಗೆಕಾಯಿ ಕೊಂಡು ಬರುವಾಗ ಬಾಯಾರಿ ಒಂದು ಬಬಲ್ ಟೀ, ಅದೇ ಸಬ್ಬಕ್ಕಿಯಂಥ ಗುಂಡು ಹಾಕಿದ ತಣ್ಣನೆ ಟೀ, ತೆಗೆದುಕೊಂಡೆ. ಲೋಟದ ಮೇಲಿನ ಚೀಟಿಯಲ್ಲಿ ‘ಸಕ್ಕರೆ 30%’ ಎಂದಿತ್ತು. ನಿಮಗಾದರೆ ಅದು ಬರೀ ಚೀಟಿ. ನನಗೆ ನಮ್ಮ ಮಾವನವರೇ ಎದುರಿಗೆ ಬಂದು ನಿಂತಂತಾಯಿತು.

ಮಾವ ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಕಲಿಸಿದವರು. ಆರೇಳು ವರ್ಷದ ಹಿಂದೆ, ಇಲ್ಲಿನ ಮಾಂಟ್ ಕಿಯಾರಾ ಬಡಾವಣೆಯ ನಮ್ಮ ಮನೆಗೆ ಒಂದು ತಿಂಗಳಿಗೆಂದು ಬಂದಿದ್ದರು. ಊರು ನೋಡುವ ಆಸೆಯೇನೂ ಇರಲಿಲ್ಲ. ಮೊಮ್ಮಗಳು ಅನಘಾಳ ಜೊತೆ ಮಾತಾಡಬೇಕಿತ್ತು. ಅವಳಿಗಾಗ ಹನ್ನೆರಡು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಒಂದೇ ಪದ. “ಊಟ ಆಯ್ತಾ ಪುಟ್ಟಿ?” ಎಂದರೆ “ಡನ್.” ಮೊದಲ ವಾರವೆಲ್ಲ ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು ಫ್ಯಾನು ನೋಡಿದರು. ನನಗೋ ಒಳಗೊಳಗೇ ಸಂಕಟ. ಹೀಗೇ ತಿಂಗಳು ಕಳೆದರೆ ಆ ಹಿರಿಯ ಜೀವ ಬರಿಗೈಯಲ್ಲಿ ವಿಮಾನ ಹತ್ತಬೇಕಲ್ಲ ಎಂದು.

ಮಾವನಿಗೊಂದು ಅಭ್ಯಾಸ. ಯಾರು ಶೇಕಡಾ ಎಂದರೂ ‘ಯಾವುದರ?’ ಎಂದು ಕೇಳಲೇಬೇಕು. ಒಮ್ಮೆ ನಾನು ಆಫೀಸಿನವರಿಗೆ ಫೋನಿನಲ್ಲಿ, “ಕೆಲಸ ನೈಂಟಿ ಪರ್ಸೆಂಟ್ ಮುಗಿದಿದೆ” ಎಂದೆ. ಪಕ್ಕದಿಂದ ಮೆಲ್ಲಗೆ, “ಯಾವುದರ ತೊಂಬತ್ತಮ್ಮಾ?” ಎಂದರು. ಆ ಕೆಲಸ ಹಿಂದಿನ ತಿಂಗಳಿಂದಲೂ ತೊಂಬತ್ತರಲ್ಲೇ ಕೂತಿತ್ತು.

ಎರಡನೇ ವಾರ ಮೂವರೂ ಬ್ರಿಕ್‌ಫೀಲ್ಡ್ಸ್‌ಗೆ ಹೋದಾಗ ಅನಘಾಳಿಗೆ ಬಬಲ್ ಟೀ ಬೇಕಾಯಿತು. ಸಕ್ಕರೆ ಕಾಯಿಲೆಯ ಮಾವ, ಸಿಹಿ ಎಷ್ಟು ಪರ್ಸೆಂಟ್ ಬೇಕೆಂದು ಕೇಳುವ ಫಲಕ ಓದಿ, ಅಂಗಡಿಯ ಹುಡುಗಿಯನ್ನು ತಮ್ಮ ಮೇಷ್ಟ್ರ ಇಂಗ್ಲಿಷಿನಲ್ಲಿ ವಿಚಾರಿಸಿದರು. ಮೂವತ್ತು ಪರ್ಸೆಂಟ್ ಎಂದರೆ ಮೂರು ಚಮಚ, ಅಷ್ಟೇ ಗೊತ್ತು ಅಂಕಲ್ ಎಂದಳು. ಮಾವ ಮೊಮ್ಮಗಳ ಕಡೆ ತಿರುಗಿದರು.

“ಹಾಗಾದ್ರೆ ಪೂರ್ತಿ ಸಿಹಿಗೆ ಎಷ್ಟು ಚಮಚ ಪುಟ್ಟಿ?”

ಅನಘಾ ಕಣ್ಣಿಗೆ ಬಿದ್ದ ಎರಡು ಸಂಖ್ಯೆಗಳನ್ನು ಗುಣಿಸಿಬಿಟ್ಟಳು. ಶಾಲೆಯಲ್ಲೂ ಅವಳದು ಅದೇ ಪಾಡು. “ನೈಂಟಿ ಲಾ, ತಾತ,” ಎಂದಳು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ.

“ತೊಂಬತ್ತು ಚಮಚ ಹಾಕಿದ್ರೆ ಟೀಗೆ ಜಾಗ ಎಲ್ಲಿ?”

ಅವಳು ನಕ್ಕಳು. ತಾತನೆದುರು ಅವಳು ನಕ್ಕದ್ದು ಅದೇ ಮೊದಲು. ಮಾವ ತಕ್ಷಣ ಜೇಬಿನಿಂದ ಪೆನ್ನು ತೆಗೆದು ಟಿಶ್ಯೂ ಕಾಗದದ ಮೇಲೆ ಬಾಗಿದರು. “ಗೊತ್ತಿಲ್ಲದ್ದಕ್ಕೆ ಮೊದಲು ಒಂದು ಹೆಸರಿಡು. ಆಮೇಲೆ ಅದು ಎಲ್ಲೂ ಓಡಿಹೋಗಲ್ಲ. ನಮಗೆ ಗೊತ್ತಿಲ್ಲದ್ದು ಪೂರ್ತಿ. ಅದು x. ಅದರ ಮೂವತ್ತು ಪರ್ಸೆಂಟೇ ಈ ಮೂರು ಚಮಚ.” 3 = 0.30 × x ಎಂದು ಬರೆದರು. ಅವಳು ಭಾಗಿಸಿ ಹತ್ತು ಎಂದಳು. ಹತ್ತು ಚಮಚ ಸಕ್ಕರೆ ಎಂದು ಕೇಳಿ ಮಾವ ಅಂಗಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಅಲ್ಲಿಂದ ಮುಂದೆ ಮನೆಯಲ್ಲಿ ಕಾಣದ ಪೂರ್ತಿಗಳದ್ದೇ ಬೇಟೆ. ಡಬ್ಬಿಯಲ್ಲಿ ಉಳಿದ ಚಕ್ಕುಲಿಯಿಂದ ಮೊದಲು ಇದ್ದ ಚಕ್ಕುಲಿ ಎಷ್ಟೆಂದು ಹುಡುಕುವುದು, ತಿಂದವರು ಯಾರೆಂದು ಜಗಳವಾಡುವುದು. ಜಗಳ ಕನ್ನಡದಲ್ಲೇ ನಡೆಯುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಾ ಸಾರು ಉಕ್ಕಿಸುತ್ತಿದ್ದೆ.

ಹೊರಡುವ ದಿನ ಅನಘಾ ತಾನೇ ಒಂದು ಲೆಕ್ಕ ಕೊಟ್ಟಳು. “ತಾತ ಇಲ್ಲಿ ಇದ್ದಿದ್ದು ಒಂದು ತಿಂಗಳು. ಅದು ನಂಗೆ ಬೇಕಾಗಿರೋದ್ರ ಟೆನ್ ಪರ್ಸೆಂಟ್. ಪೂರ್ತಿ ಎಷ್ಟು?”

ಬಾಯಲ್ಲೇ ಲೆಕ್ಕ ಬಿಡಿಸುವ ಮನುಷ್ಯ ಈ ಸಲ ಬೆರಳು ಮಡಿಸಿ ಮಡಿಸಿ ಎಣಿಸಿದರು. “ಹತ್ತು ತಿಂಗಳು ಪುಟ್ಟಿ” ಎಂದಾಗ ಕಣ್ಣು ತುಂಬಿತ್ತು. ನಾನೂ ಅತ್ತುಬಿಟ್ಟೆ.

ಮಂಡಿ ನೋವಿನಿಂದ ಮಾವನಿಗೆ ಮತ್ತೆ ಬರಲಾಗಲಿಲ್ಲ. ನಾವು ಮದುವೆ, ಮುಂಜಿ ಎಂದು ಎರಡೆರಡು ದಿನ ಊರಿಗೆ ಓಡಿ ಬಂದದ್ದೇ ಬಂತು. ಅನಘಾ ಈಗ ಇಲ್ಲಿಂದ ಗಂಟೆ ದೂರದ ನಿಲಾಯ್‌ನಲ್ಲಿ ಕಾಲೇಜು ಓದುತ್ತಿದ್ದಾಳೆ. ಮುಂದಿನ ವಾರ ರಜೆಗೆ ಒಬ್ಬಳೇ ಮೈಸೂರಿಗೆ ಹೊರಟಿದ್ದಾಳೆ, ಎರಡು ತಿಂಗಳಿಗೆ. ನಿನ್ನೆ ಮನೆ ಸೇರಿದ ಕೂಡಲೇ ಫೋನ್ ಮಾಡಿ, ಅಷ್ಟು ದಿನ ಬೇಜಾರಾಗಲ್ವೇನೇ ಎಂದು ಕೇಳಿದೆ.

“ಎಲ್ಲಿಯ ಬೇಜಾರಮ್ಮ? ಹೋಗಿ ಬಂದ್ಮೇಲೂ ಇನ್ನೂ ಸೆವೆಂಟಿ ಪರ್ಸೆಂಟ್ ಬಾಕಿ ಇರುತ್ತೆ.”

ಮದುವೆ ಮುಂಜಿಯ ದಿನಗಳನ್ನು ಅವಳು ಆ ಹತ್ತು ತಿಂಗಳ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾವನಿಗೆ ಎಂಬತ್ತೆರಡು. ಆ ಎಪ್ಪತ್ತೂ ಅವರಿಬ್ಬರಿಗೆ ಸಿಗಲಪ್ಪಾ ಎಂದುಕೊಂಡೆ.