ಹನ್ನೆರಡು ತಾಸಿನ ಅಂತರ

ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಜನ ನಿಂತದ್ದನ್ನು ಈ ಆರು ವರ್ಷಗಳಲ್ಲಿ ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಅಲ್ಲಿ ಯಾರೂ ನಿಲ್ಲುವುದಿಲ್ಲ. ಚಪ್ಪಲಿ ಕಿತ್ತುಹೋದರೆ ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಲೇ ಇರುತ್ತಾರೆ. ಕಳೆದ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ, ಹೂವಿನ ಮಾರ್ಕೆಟ್ಟಿನಲ್ಲಿ ಬಿಲ್ವಪತ್ರೆ ಕೊಂಡು ಬರುವಾಗ, ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ನಮ್ಮ ಚಾಳಿನ ರೇಣವ್ವ ಮಾತಿನ ಮಧ್ಯದಲ್ಲೇ ಸುಮ್ಮನಾದಳು. ಒಮ್ಮೆ ಕೂಗಿದಳು. ಮರುಕ್ಷಣ ಹಲಗೆಯಂತೆ ನೆಟ್ಟಗೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಆಗ ಸೇತುವೆ ನಿಂತಿತು.

ಯಾರೋ ಅವಳ ಮುಷ್ಟಿಯೊಳಗೆ ಬೀಗದ ಕೈ ತುರುಕಲು ಬಂದರು. ಇನ್ನೊಬ್ಬರು ಚಪ್ಪಲಿ ಮೂಸಿಸಿ ಎಂದರು. ಹೂವಿನ ಬುಟ್ಟಿ ಹೊತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು, "ಚಾವಿ ನಕೋ. ಕುಶೀವರ್ ವಳವಾ" ಎಂದಳು. ಬೀಗದ ಕೈ ಬೇಡ, ಮಗ್ಗುಲಿಗೆ ಹೊರಳಿಸಿ ಎಂದು ಅರ್ಥ. ಮರಾಠಿ ಬಲ್ಲೆನೆಂದು ಬೀಗುತ್ತಿದ್ದ ನನಗೆ ಆ ಮಾತು ತಲೆಗೆ ಹೋಗಲಿಲ್ಲ. ಕೊನೆಗೆ ಅವಳೇ ಬಂದು ರೇಣವ್ವನನ್ನು ಹೊರಳಿಸಿದಳು, ತನ್ನ ಸೆರಗು ಮಡಚಿ ತಲೆಯ ಕೆಳಗೆ ಇಟ್ಟಳು. ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಸಮಯ ನೋಡುತ್ತ ನಿಂತಿದ್ದಳು. "ಪಾಚ್ ಮಿನಿಟಂ ಝಾಲೀ" ಎಂದಳು. ಐದು ನಿಮಿಷ ದಾಟಿತ್ತು. ಒಮ್ಮೆ ನಿಂತಂತಾಯಿತು. ರೇಣವ್ವನಿಗೆ ಎಚ್ಚರ ಬರುವ ಮೊದಲೇ ಮತ್ತೆ ಶುರುವಾಯಿತು. ಹಮಾಲರು ಸ್ಟ್ರೆಚರ್ ತಂದು ಅವಳನ್ನು ಎತ್ತಿಕೊಂಡು ಓಡಿದರು. ನಾನು ಬಿಲ್ವಪತ್ರೆಯ ಚೀಲ ಎದೆಗವಚಿಕೊಂಡು ಅವರ ಹಿಂದೆ ಓಡಿದೆ. ಅದನ್ನು ಯಾಕೆ ಬಿಡಲಿಲ್ಲವೋ ಇವತ್ತಿಗೂ ತಿಳಿಯದು.

ನಮ್ಮ ಧಾರವಾಡದಲ್ಲಿ ಹೀಗಾಗಿದ್ದರೆ ನೆರೆದವರು ಮೊದಲು ಕೇಳುತ್ತಿದ್ದುದು, ಇವಳು ಯಾರ ಮಗಳು ಎಂದು. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಅವರ ಊರಲ್ಲಿ ರೇಣವ್ವನ ತಾಯಿ ಮಗಳ ಮೂರ್ಛೆರೋಗವನ್ನು ಹನ್ನೆರಡು ವರ್ಷ ಮುಚ್ಚಿಟ್ಟಿದ್ದಳು, ಮದುವೆಯಾದ ಮೇಲೂ. ಮುಚ್ಚಿಟ್ಟದ್ದಕ್ಕೆ ಔಷಧಿ ಇರುವುದಿಲ್ಲ. ಗುಳಿಗೆ ಸಿಕ್ಕಿದ್ದು ಯಾರ ಮಗಳೆಂದು ಕೇಳದ ಈ ಊರಿನಲ್ಲಿ.

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಮುಂಬೈಗೆ ಬಂದವಳು. ಜೋಗೇಶ್ವರಿಯ ಒಂದು ಚಾಳಿನಲ್ಲಿ ನಮ್ಮ ಖೋಲಿ. ಖೋಲಿ ಎಂದರೆ ಒಂದೇ ಕೋಣೆ, ಅದರಲ್ಲೇ ಅಡುಗೆ, ಅದರಲ್ಲೇ ಹಾಸಿಗೆ. ಊರಿನ ಮನೆಯಲ್ಲಿ ನಮ್ಮ ನೀರಿನ ಹಂಡೆ ಇಡುತ್ತಿದ್ದ ಬಚ್ಚಲು ಇದಕ್ಕಿಂತ ತುಸುವೇ ಚಿಕ್ಕದಿತ್ತು. ಮೊದಲ ವರ್ಷ ನಾನು ಮಾತನಾಡಿದ್ದು ಗಂಡನ ಜೊತೆ ಮತ್ತು ಫೋನಿನ ಜೊತೆ. ಎರಡನೇ ವರ್ಷ ಬಾಂದ್ರಾದ ಒಂದು ಕಚೇರಿಯಲ್ಲಿ ಕಡತ ಜೋಡಿಸುವ ಕೆಲಸ ಸಿಕ್ಕಿತು. ಲೋಕಲ್ ರೈಲಿನ ಲೇಡೀಸ್ ಡಬ್ಬಿ ನನಗೆ ಭಾಷೆ ಕಲಿಸಿತು. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರಲು "ಥೋಡಂ ಸರಕಾ" ಎನ್ನಬೇಕು, ಸ್ವಲ್ಪ ಸರಿಯಿರಿ ಎಂದು. ಅದನ್ನು ತಡವರಿಸದೆ ಹೇಳಿ ಕೂತ ದಿನ, ಪದವಿ ಪ್ರಮಾಣಪತ್ರ ಪಡೆದ ದಿನಕ್ಕಿಂತ ಹೆಚ್ಚು ಹಿಗ್ಗಿದ್ದೆ.

ನಾಲ್ಕನೇ ವರ್ಷದ ಹೊತ್ತಿಗೆ ಚಾಳಿನ ಕನ್ನಡದವರಿಗೆಲ್ಲ ನಾನೇ ಬಾಯಿ. ಶಾಲೆಯ ಅರ್ಜಿ, ರೇಷನ್ ಕಚೇರಿ, ಡಾಕ್ಟರು ಎಲ್ಲದಕ್ಕೂ "ಅಕ್ಕಾರನ್ನ ಕರ್ಕೊಂಡ ಹೋಗ್ರಿ" ಎನ್ನುತ್ತಿದ್ದರು. ಹಾಗೆ ಬಂದವಳು ರೇಣವ್ವ. ವಿಜಯಪುರ ಜಿಲ್ಲೆಯವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಬಾಟಲಿಯ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಮಲ್ಲಪ್ಪ ಕಟ್ಟಡದ ಸೆಂಟ್ರಿಂಗ್ ಕೆಲಸದವ. ದಸರೆಯ ಮಾರನೆಯ ವಾರ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರಮ್ಮ ಗುಳಿಗೆ ಬರೆದು ಮರಾಠಿಯಲ್ಲಿ ಹೇಳಿದರು: "ಸಕಾಳೀ ಏಕ್, ಸಂಧ್ಯಾಕಾಳೀ ಏಕ್. ಬಾರಾ ತಾಸಾಂಚಂ ಅಂತರ್ ಠೇವಾ." ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಹನ್ನೆರಡು ತಾಸಿನ ಅಂತರ ಇರಲಿ ಎಂದು. ಹೊಟ್ಟೆಗೆ ತ್ರಾಸಾದರೆ ಊಟದ ನಂತರ ತೆಗೆದುಕೊಳ್ಳಲಿ ಎಂದೂ ಸೇರಿಸಿದರು.

ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ನಾನು ಅದೆಲ್ಲವನ್ನೂ ರೇಣವ್ವನಿಗೆ ಒಂದೇ ಮಾತಿನಲ್ಲಿ ಸುಲಭ ಮಾಡಿ ಕೊಟ್ಟೆ. "ಮುಂಜಾನಿ ಊಟ ಆದ ಮ್ಯಾಲೊಂದು, ರಾತ್ರಿ ಊಟ ಆದ ಮ್ಯಾಲೊಂದು. ಊಟ ಆತಂದ್ರ ಗುಳಿಗಿ. ನೆನಪಿರತೈತಿ ನೋಡು."

"ಊಟ ಮರೀತಾರೇನ್ರಿ ಯಾರರ" ಎಂದು ರೇಣವ್ವ ನಕ್ಕಳು.

ಗುಳಿಗೆ ಕೆಲಸ ಮಾಡಿತು. ಒಂಬತ್ತು ತಿಂಗಳು ಅವಳು ಒಮ್ಮೆಯೂ ಬೀಳಲಿಲ್ಲ. ಮುಖಕ್ಕೆ ಕಳೆ ಬಂತು. ಯಂತ್ರದ ಹತ್ತಿರದ ಕೆಲಸವನ್ನೂ ಕೊಡುತ್ತೇವೆಂದು ಕಾರ್ಖಾನೆಯವರು ಅಂದಾಗ, ಬೇಡ, ನನಗೆ ಹೀಗೊಂದು ತ್ರಾಸಿದೆ ಎಂದು ತಾನೇ ಬಾಯಿಬಿಟ್ಟು ಹೇಳಿದಳು. ಊರಲ್ಲಿ ಅವಳ ತಾಯಿ ಹೇಳಲಾಗದ ಮಾತು ಅದು. ಆ ಸಂತೋಷಕ್ಕೇ ಅವಳು ಶ್ರಾವಣದಲ್ಲಿ ಹರಕೆ ಹೊತ್ತಳು: ತಿಂಗಳು ಪೂರ್ತಿ ಒಪ್ಪತ್ತು. ನಮ್ಮ ಕಡೆ ಅನೇಕರು ಸೋಮವಾರ ಮಾತ್ರ ಒಂದು ಹೊತ್ತು ಉಣ್ಣುತ್ತಾರೆ. ಇವಳು ದಿನಾಲೂ ಒಂದೇ ಊಟ ಎಂದಳು. ನನಗೆ ಗೊತ್ತಿತ್ತು. "ಗಟ್ಟಿ ಇದ್ದೀ ಬಿಡು" ಎಂದು ಹೊಗಳಿಯೂ ಇದ್ದೆ.

ದಾದರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಅದುರುವಿಕೆ ನಿಂತಿತು. ಮಧ್ಯಾಹ್ನ ಕಣ್ಣು ತೆರೆದಳು. ನಾಲಿಗೆ ಕಚ್ಚಿ ಊದಿತ್ತು. ಕಪ್ಪು ಚೌಕಟ್ಟಿನ ಕನ್ನಡಕದ ಡಾಕ್ಟರೊಬ್ಬರು ಬಂದು, ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಳೇ ಕೇಳಿ ಎಂದರು.

"ಒಂದೂ ಬಿಟ್ಟಿಲ್ರಿ" ಎಂದಳು ರೇಣವ್ವ. "ನೀವು ಹೇಳಿದಾಂಗ ಅಕ್ಕಾರ, ಊಟ ಆದ ಮ್ಯಾಲೆ ತಪ್ಪದ ತಗೊಂಡೀನಿ."

ನಾನು ಡಾಕ್ಟರ ಕಡೆ ತಿರುಗಿ, ಒಂದೂ ತಪ್ಪಿಸಿಲ್ಲವಂತೆ ಎಂದು ಹೇಳಲು ಬಾಯಿ ತೆರೆದೆ. ಅರ್ಧಕ್ಕೆ ನಿಂತೆ.

"ರೇಣವ್ವಾ, ದಿನಕ್ಕ ಎಷ್ಟು ಗುಳಿಗಿ?"

"ಒಪ್ಪತ್ತಲ್ರೀ ಅಕ್ಕಾರ. ಒಂದ ಊಟ, ಒಂದ ಗುಳಿಗಿ."

ಅವಳ ಮುಖದಲ್ಲಿ ತಪ್ಪು ಮಾಡಿದ ಕುರುಹೇ ಇರಲಿಲ್ಲ. ಇರಬೇಕಾದ್ದೂ ಇಲ್ಲ. ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಎರಡೂವರೆ ವಾರ ಅರ್ಧ ಔಷಧಿಯ ಮೇಲೆ ಬದುಕಿದ್ದಳು, ಪ್ರತಿದಿನ ಸ್ವಲ್ಪ ಸ್ವಲ್ಪವೇ ಆ ಸೇತುವೆಯ ಕಡೆಗೆ ನಡೆದಿದ್ದಳು.

ಇವತ್ತಿಗೂ ನನ್ನನ್ನು ಚುಚ್ಚುವುದು ಒಂದು ಶಬ್ದ. ತಾಸು. ಮರಾಠಿಯಲ್ಲೂ ತಾಸು, ನಮ್ಮಲ್ಲೂ ತಾಸು. ಅಂತರ ಎಂಬುದೂ ಎರಡು ಕಡೆ ಒಂದೇ. ಡಾಕ್ಟರಮ್ಮ ಅಂದು ಹೇಳಿದ ವಾಕ್ಯ ರೇಣವ್ವನಿಗೆ ನಾನಿಲ್ಲದಿದ್ದರೂ ಮುಕ್ಕಾಲು ತಿಳಿಯುತ್ತಿತ್ತು. ಭಾಷೆ ಬಲ್ಲವಳೆಂಬ ಹಮ್ಮಿನಲ್ಲಿ ನಾನು ಅವರಿಬ್ಬರ ನಡುವೆ ನಿಂತು, ಇಬ್ಬರಿಗೂ ಸೇರಿದ ಒಂದೇ ಶಬ್ದವನ್ನು ಬಿಸಾಡಿದ್ದೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವರು ಬೈಯಲಿಲ್ಲ. ರೇಣವ್ವನ ಕಡೆ ನೋಡಿ, "ಉಪವಾಸ ನಿನಗೆ, ಗುಳಿಗೆಗಲ್ಲ" ಎಂಬರ್ಥದ ಮಾತಾಡಿ ನಕ್ಕರು. ಆಮೇಲೆ ನಗು ಬಿಟ್ಟು ವಿವರಿಸಿದರು. ಈ ಗುಳಿಗೆ ರಕ್ತದಲ್ಲಿ ಒಂದೇ ಮಟ್ಟದಲ್ಲಿ ಇರಬೇಕು. ತಟ್ಟನೆ ಕಡಿಮೆ ಮಾಡಿದರೆ ಮೂರ್ಛೆ ಮರಳುತ್ತದೆ. ಕೆಲವೊಮ್ಮೆ ಮೊದಲಿಗಿಂತ ಜೋರಾಗಿ, ಒಂದರ ಮೇಲೊಂದು ಬರುತ್ತದೆ, ಜೀವಕ್ಕೇ ಅಪಾಯ. ಕಡಿಮೆ ಮಾಡುವ ಕಾಲ ಬಂದರೂ ಅದನ್ನು ಡಾಕ್ಟರೇ ತಿಂಗಳುಗಟ್ಟಲೆ ನಿಧಾನವಾಗಿ ಮಾಡುತ್ತಾರೆ. ಉಪವಾಸ, ಪ್ರಯಾಣ, ಬಸಿರು ಏನೇ ಇದ್ದರೂ ಮೊದಲೇ ಬಂದು ಕೇಳಬೇಕು.

ಅಷ್ಟು ಹೊತ್ತಿಗೆ ಮಲ್ಲಪ್ಪ ಕೆಲಸದಿಂದ ಓಡಿಬಂದಿದ್ದ. ಕೂದಲಲ್ಲಿ ಇನ್ನೂ ಸಿಮೆಂಟಿನ ಧೂಳು. ನನ್ನನ್ನು ವರಾಂಡಕ್ಕೆ ಕರೆದ.

"ಅಕ್ಕಾರ, ತಪ್ಪಿದ ಗುಳಿಗಿ ಮನಿಯಾಗ ಹಂಗ ಅದಾವು. ದಿನಾ ನಾಕ್ನಾಕು ಕೊಟ್ರ ಭರ್ತಿ ಆಗತೈತೇನ್ರಿ?"

ಅವನು ಕಾಳಜಿಯಿಂದಲೇ ಕೇಳಿದ್ದ. ಹಿಂದಿನ ನಾನಾಗಿದ್ದರೆ ಏನಾದರೂ ಒಂದು ಉತ್ತರ ಕೊಟ್ಟೇ ಬಿಡುತ್ತಿದ್ದೆ. "ನನ್ನ ಕೇಳಬ್ಯಾಡ ಮಲ್ಲಪ್ಪ, ಒಳಗ ನಡಿ" ಎಂದು ಡಾಕ್ಟರ ಎದುರು ನಿಲ್ಲಿಸಿದೆ. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. ಹಾಗೆ ಒಟ್ಟಿಗೆ ಕೊಟ್ಟರೆ ಮಂಪರು, ತಲೆತಿರುಗು, ಅದಕ್ಕಿಂತ ಕೆಟ್ಟದ್ದೂ ಆದೀತು. ತಪ್ಪಿದ್ದನ್ನು ತುಂಬಿಸುವ ಲೆಕ್ಕ ಈ ಔಷಧಿಗೆ ಇಲ್ಲ. ಎಷ್ಟು ಕೊಡಬೇಕೆಂದು ನಾವು ಬರೆಯುತ್ತೇವೆ, ಅಷ್ಟೇ ಕೊಡು ಎಂದರು. ಮಲ್ಲಪ್ಪ ತಲೆಯಾಡಿಸಿದ. ಹೊರಗೆ ಬಂದು, "ಕೇಳಿದ್ದ ಛಲೋ ಆತು ನೋಡ್ರಿ" ಎಂದ.

ಎರಡು ವಾರದ ನಂತರ ಮತ್ತೆ ಡಾಕ್ಟರಮ್ಮನಿಗೆ ತೋರಿಸುವ ದಿನ ಬಂತು. ನಾನು ಬರುವುದಿಲ್ಲ ಎಂದೆ. ಕೆಳಗಿನ ಖೋಲಿಯ ಶಿಕ್ಷಕಿಯನ್ನು ಕರೆದುಕೊಂಡು ಹೋಗು, ಅವರ ಮರಾಠಿ ನನಗಿಂತ ಚೆನ್ನ ಎಂದೆ. ರೇಣವ್ವ ಹೊಸ್ತಿಲಲ್ಲಿ ಕೂತು ನನ್ನನ್ನೇ ನೋಡಿದಳು.

"ನೀವ ಬರ್ರಿ ಅಕ್ಕಾರ. ನಿಮ್ಮ ತಪ್ಪು ಯಾವುದಂತ ನನಗ ಗೊತ್ತೈತಿ. ಆಕೀದು ಗೊತ್ತಿಲ್ಲ."

ಹೋದೆ. ಈಗ ನನ್ನ ಕೆಲಸದ ಕ್ರಮ ಬೇರೆ. ಡಾಕ್ಟರು ಹೇಳಿದ್ದನ್ನು ಸುಲಭ ಮಾಡುವುದಿಲ್ಲ, ಇದ್ದಷ್ಟನ್ನೂ ಹೇಳುತ್ತೇನೆ. ಆಮೇಲೆ ರೋಗಿಯಿಂದ ಅದನ್ನು ತಿರುಗಿ ಹೇಳಿಸಿ, ಡಾಕ್ಟರಿಗೆ ಕೇಳಿಸುತ್ತೇನೆ. ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ. ಅಂದು ರೇಣವ್ವ ನನ್ನನ್ನು ಕಾಯದೆ ತನ್ನ ಮುರುಕು ಹಿಂದಿಯಲ್ಲಿ ನೇರ ಡಾಕ್ಟರಮ್ಮನಿಗೆ ಹೇಳಿದಳು: "ಸುಬೇ ಆಠ್, ರಾತ್ ಆಠ್. ಖಾನಾ ಹೋ ಯಾ ನಾ ಹೋ." ಬೆಳಿಗ್ಗೆ ಎಂಟು, ರಾತ್ರಿ ಎಂಟು, ಊಟ ಇರಲಿ ಬಿಡಲಿ. ಡಾಕ್ಟರಮ್ಮ ನನ್ನತ್ತ ನೋಡಿ, ಇನ್ನು ನೀನು ಬೇಕಾಗಿಲ್ಲ ಎನ್ನುವಂತೆ ಹುಬ್ಬೇರಿಸಿದರು. ನನಗೆ ಖುಷಿಯೇ ಆಯಿತು.

ದೀಪಾವಳಿಗೆ ಅವಳು ಊರಿಗೆ ಹೋದಳು, ಒಂದು ತಿಂಗಳು. ಹೋಗುವ ಮೊದಲು ಡಾಕ್ಟರಮ್ಮನ ಬಳಿ ತಿಂಗಳಿಗೆ ಮಿಕ್ಕುವಷ್ಟು ಗುಳಿಗೆ ಬರೆಸಿಕೊಂಡಳು. ಅತ್ತೆ ಏನನ್ನುವಳೆಂದು ನಮಗೆಲ್ಲ ಗೊತ್ತಿತ್ತು: ಆರಾಮ ಅದೀ ಅಲ್ಲ, ಇನ್ನ್ಯಾಕ ಗುಳಿಗಿ. ನಮ್ಮ ಕಡೆ ಆರಾಮ ಎಂದರೆ ಚೆನ್ನಾಗಿದ್ದೇನೆ ಎಂದೂ ಅರ್ಥ, ವಾಸಿಯಾಯಿತು ಎಂದೂ ಅರ್ಥ. ಆ ಎರಡು ಅರ್ಥಗಳ ನಡುವಿನ ಜಾಗದಲ್ಲಿ ಎಷ್ಟೋ ಜನ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ದಿನಾ ರಾತ್ರಿ ಎಂಟಕ್ಕೆ ನುಂಗಿದ ಕೂಡಲೇ ನನಗೊಂದು ಮಿಸ್ ಕಾಲ್ ಕೊಡುವುದೆಂದು ಮಾತಾಗಿತ್ತು.

ಹದಿನೈದು ದಿನ ತಪ್ಪದೆ ಬಂತು. ಹದಿನಾರನೇ ದಿನ ಎಂಟು ಹೊಡೆಯಿತು, ಎಂಟು ಹತ್ತಾಯಿತು, ಫೋನ್ ಸುಮ್ಮನಿತ್ತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತುಹೋಯಿತು. ನಾನೇ ಮಾಡಿದರೆ ಸಿಗಲಿಲ್ಲ. ಎಂಟೂ ಇಪ್ಪತ್ತಕ್ಕೆ ಫೋನ್ ಬಂತು. ಮಿಸ್ ಕಾಲ್ ಅಲ್ಲ, ಪೂರ್ತಿ ಕಾಲ್.

"ಎಂಟಕ್ಕ ನುಂಗೀನ್ರಿ ಅಕ್ಕಾರ, ಗಾಬರಿ ಆಗಬ್ಯಾಡ್ರಿ. ರೇಂಜ್ ಇರಲಿಲ್ಲ, ಮಾಳಿಗಿ ಮ್ಯಾಲ ಬಂದೀನಿ."

"ಅತ್ತಿ ಏನಂತಾಳ?"

"ಗುಳಿಗಿ ಕಿತ್ತಿಡಾಕ ಬಂದಿದ್ಳು. ಡಾಕ್ಟರನ ಕೇಳದ ಒಂದೂ ಬಿಡಂಗಿಲ್ಲಂದೆ. ದಿನಾ ಯಾರಿಗೆ ಫೋನ್ ಹಚ್ತೀ ಅಂದ್ಳು. ನಮ್ಮ ಮಂದಿಗೆ ಅಂದೆ. ನಿಮ್ಮ ಮಂದಿ ಇಲ್ಲೇ ಅದೀವಲ್ಲ ಅಂತ ಸಿಟ್ಟಿಗೆದ್ದಾಳ ಈಗ."

ಅವಳು ನಕ್ಕಳು. ನಾನೂ ನಕ್ಕೆ. ಈ ಆರು ವರ್ಷ ನಮ್ಮ ಮಂದಿ ಎಂದಾಗಲೆಲ್ಲ ನಾನು ಅವಳೀಗ ನಿಂತಿರುವ ಕಡೆಯವರನ್ನೇ ನೆನೆದಿದ್ದೇನೆ. ಅವಳು ಅಲ್ಲಿ ನಿಂತು ಆ ಮಾತನ್ನು ಜೋಗೇಶ್ವರಿಯ ಈ ಖೋಲಿಗೆ ಹೇಳುತ್ತಿದ್ದಳು. ಅತ್ತೆಯ ಸಿಟ್ಟೂ ನ್ಯಾಯವೇ ಎನಿಸಿತು. ಯಾರ ಕಡೆ ಮಾತಾಡಬೇಕೆಂದು ತಿಳಿಯದೆ, "ಮುಂಜಾನಿ ಎಂಟಕ್ಕ ಮರೀಬ್ಯಾಡ" ಎಂದಷ್ಟೇ ಹೇಳಿದೆ.