ಒಂದು ಚುಕ್ಕಿ ಒಳಸರಿದ ಗೆರೆ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಇಕ್ಕಟ್ಟಿನಲ್ಲಿ, ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ ಮಾಡಿಕೊಂಡ ಮೇಜಿನ ಮುಂದೆ ಒಬ್ಬರು ಕೂರುತ್ತಾರೆ, ಏಳುತ್ತಾರೆ, ನಾಲ್ಕು ಹೆಜ್ಜೆ ಹೋಗುತ್ತಾರೆ, ಗೋಡೆ ಸಿಕ್ಕಿದ ಮೇಲೆ ತಿರುಗಿ ಬರುತ್ತಾರೆ. ಮೇಜಿನ ಮೇಲೆ ಮೂರು ಪರದೆ. ನಡುವಿನದರಲ್ಲಿ ಒಂದು ಹಸಿರು ಗುಂಡಿ, ಅದರ ಮೇಲೆ ‘ಒಪ್ಪಿದೆ’ ಎಂಬ ಬರಹ. ಅದನ್ನೊಮ್ಮೆ ಒತ್ತಿದರೆ ಮುಗಿಯಿತು. ನಲವತ್ತೆರಡು ದಿನದಿಂದ ಒತ್ತಿಲ್ಲ.

“ರೀ, ಆ ಕುರ್ಚಿ ಕಿರ್ ಅನ್ನೋದು ಇಲ್ಲಿಗೆ ಕೇಳ್ತಿದೆ. ಒಂದೋ ಕೂತ್ಕೊಳ್ಳಿ, ಇಲ್ಲಾ ನಿಂತ್ಕೊಳ್ಳಿ,” ಎಂದು ಕೋಣೆಯೊಳಗಿಂದ ಹೆಂಡತಿಯ ದನಿ.

“ಕೂತೇ ಇದೀನಿ ಕಣೇ,” ಎನ್ನುತ್ತಾರೆ ಇವರು, ನಿಂತುಕೊಂಡು.

ಇವರಿಗೆ ಐವತ್ತಮೂರು ವರ್ಷ. ಹಗಲೆಲ್ಲ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಶಾಲೆಯ ಪಠ್ಯಪುಸ್ತಕ, ಔಷಧದ ಡಬ್ಬಿಯೊಳಗೆ ಮಡಚಿಡುವ ಸಣ್ಣಕ್ಷರದ ಚೀಟಿ, ಏನೇ ಅಚ್ಚಾಗಬೇಕಾದರೂ ಇವರ ಕೆಂಪು ಪೆನ್ನು ದಾಟಿಯೇ ಹೋಗಬೇಕು. ಪುಟದಲ್ಲಿ ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಹಿಡಿಯುತ್ತಾರೆಂದು ಅಲ್ಲಿಯವರೆಲ್ಲ ಇಟ್ಟ ಹೆಸರು ಚುಕ್ಕಿಯಣ್ಣ. ಆದರೆ ಬೆಳಗಿನ ಐದರಿಂದ ಎಂಟೂಕಾಲರವರೆಗೆ ಇವರಿಗೆ ಇನ್ನೊಂದು ಕೆಲಸವಿದೆ. ಹತ್ತೊಂಬತ್ತು ವರ್ಷದಿಂದ ಇದೆ. ಯಾರೂ ಕರೆದು ಕೊಟ್ಟದ್ದಲ್ಲ, ಸಂಬಳವಂತೂ ಇಲ್ಲವೇ ಇಲ್ಲ.

ಅದೇನು ಕೆಲಸ ಎಂದು ನೆಂಟರಿಗೆ ಹೇಳಿ ಹೇಳಿ ಇವರ ಹೆಂಡತಿ ಸೋತಿದ್ದಾರೆ. ಹೀಗೆ ಹೇಳೋಣ. ಮನೆ ಕಟ್ಟುವವನು ಬಾಗಿಲ ಚಿಲಕವನ್ನು, ಕಿಟಕಿಯ ಕೊಂಡಿಯನ್ನು ತಾನೇ ಕಬ್ಬಿಣ ಕಾಯಿಸಿ ಮಾಡುವುದಿಲ್ಲ, ಅಂಗಡಿಯಿಂದ ತರುತ್ತಾನೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರೂ ಹಾಗೆಯೇ. ನಾವು ಪರದೆಯ ಮೇಲೆ ಒತ್ತುವ ಗುಂಡಿ, ಟಿಕ್ ಹಾಕುವ ಚೌಕ, ಹೆಸರು ತುಂಬುವ ಖಾನೆ, ಮೇಲೆ ಕೆಳಗೆ ಜಾರಿಸುವ ಪಟ್ಟಿ, ಇವನ್ನೆಲ್ಲ ಮೊದಲೇ ಮಾಡಿಟ್ಟ ಒಂದು ಕಟ್ಟಿನಿಂದ ಎತ್ತಿಕೊಳ್ಳುತ್ತಾರೆ. ಆ ಕಟ್ಟಿಗೆ ಟೂಲ್‌ಕಿಟ್ ಎಂದು ಹೆಸರು. ಚುಕ್ಕಿಯಣ್ಣ ನೋಡಿಕೊಳ್ಳುವುದು ಅಂಥದೊಂದನ್ನು. ಅದು ಓಪನ್ ಸೋರ್ಸ್, ಅಂದರೆ ಒಳಗಿನ ಬರಹವೆಲ್ಲ ಬಟಾಬಯಲು. ಯಾರು ಬೇಕಾದರೂ ತಗೊಳ್ಳಬಹುದು, ತಿದ್ದಿ ಕಳಿಸಬಹುದು, ಇವರಿಗೆ ಒಂದು ಮಾತು ಹೇಳಬೇಕೆಂದೂ ಇಲ್ಲ. ಯಾರೂ ಹೇಳುವುದೂ ಇಲ್ಲ ಬಿಡಿ.

ಶುರುವಾದದ್ದು ಸಿಟ್ಟಿನಿಂದ. ಮುದ್ರಣಾಲಯಕ್ಕೆ ಪುಟ ಕಟ್ಟುವ ಕಂಪ್ಯೂಟರ್ ಬಂದ ಹೊಸತು. “ಹಿಂದೆ ಅಚ್ಚಿನ ಮೊಳೆ ಜೋಡಿಸ್ತಿದ್ದ ಹಿರಿಯರೊಬ್ರು ಇದ್ರು. ಕೈ ನಡುಗೋದು. ಪರದೆ ಮೇಲಿನ ಗುಂಡಿ ನೋಡಿದ್ರೆ ಸಾಸಿವೆ ಕಾಳಷ್ಟು. ಒಂದು ಒತ್ತಕ್ಕೆ ಹೋದ್ರೆ ಪಕ್ಕದ್ದು ಒತ್ತೋದು. ಎಲ್ಲಾ ನಗೋರು. ನಂಗೆ ತಡೀಲಿಲ್ಲ. ಗುಂಡಿ ದೊಡ್ಡದು ಮಾಡಕ್ಕೆ ಏನು ಮಹಾ ಅಂತ ಕಲಿಯೋಕೆ ಕೂತೆ. ಕೂತೋನು ಇನ್ನೂ ಎದ್ದಿಲ್ಲ ನೋಡಿ,” ಎನ್ನುತ್ತಾರೆ. ಎದ್ದಿಲ್ಲ ಎಂಬುದೊಂದು ಸುಳ್ಳು. ಈ ಮನುಷ್ಯ ಹತ್ತು ನಿಮಿಷ ಕೂತದ್ದನ್ನು ಕಂಡವರಿಲ್ಲ.

ಈಗ ಆ ಟೂಲ್‌ಕಿಟ್ಟಿನಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಸಾಲುಗಳಿವೆ. ದಿನಕ್ಕೆ ಹದಿನೈದಿಪ್ಪತ್ತು ದೂರು ಬರುತ್ತವೆ. ತೀರದೆ ಉಳಿದವು ಆರುನೂರ ನಲವತ್ತು. ದೂರದೂರುಗಳಲ್ಲಿ ಏಳು ಜನ ಕೈಜೋಡಿಸುವವರಿದ್ದಾರೆ, ಅವರಲ್ಲಿ ಒಬ್ಬರ ಮುಖ ಮಾತ್ರ ನೋಡಿದ್ದಾರೆ. ಹೊಸ ಆವೃತ್ತಿ ಹೊರಡುವ ಮುಂಚೆ ಮೇಜಿನ ಮೇಲಿನ ಮೂರೂ ಕಂಪ್ಯೂಟರಿನಲ್ಲಿ ಒಂದೊಂದು ಗುಂಡಿಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೈಯಾರೆ ಒತ್ತಿ ನೋಡುತ್ತಾರೆ. ಅದಕ್ಕೆ ಯಂತ್ರವೇ ಇದೆಯಲ್ಲ ಎಂದರೆ, “ಯಂತ್ರ ಪರೀಕ್ಷೆ ಮಾಡತ್ತೆ ಸ್ವಾಮಿ, ಆದ್ರೆ ಸೊಟ್ಟಗಿದ್ದದ್ದು ಕಂಡ್ರೆ ಅದಕ್ಕೆ ಅಸಹ್ಯ ಆಗಲ್ಲ,” ಎನ್ನುತ್ತಾರೆ. ಬರುವ ಪತ್ರಗಳಲ್ಲಿ ಬೈಗುಳವೇ ಜಾಸ್ತಿ. ಥ್ಯಾಂಕ್ಸ್ ಹೇಳಿ ಬಂದದ್ದನ್ನು ಬೇರೆ ಎತ್ತಿಟ್ಟಿದ್ದಾರೆ. ಹತ್ತೊಂಬತ್ತು ವರ್ಷಕ್ಕೆ ಇಪ್ಪತ್ತಾರು.

ಒಂದು ತಮಾಷೆ ಕೇಳಿ. ಮುದ್ರಣಾಲಯದ ಕಂಪ್ಯೂಟರಿನಲ್ಲಿರುವುದೂ ಇವರದೇ ಗುಂಡಿಗಳು, ಅಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಪುಟ ಕಟ್ಟುವಾತ ಇವರೆದುರಿಗೇ ಮೇಜು ಗುದ್ದಿ, “ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ! ಅವನ ಕೈಗಿಷ್ಟು!” ಎಂದು ಶಾಪ ಹಾಕಿದನಂತೆ. ಇವರು ತಲೆ ಎತ್ತದೆ ಕರಡು ಓದಿದರು. ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಅದನ್ನು ಸರಿ ಮಾಡಿ ಕಳಿಸಿದರು. ಹದಿನೈದು ದಿನದ ಮೇಲೆ ಆತ, “ನೋಡಿದ್ರಾ ಚುಕ್ಕಿಯಣ್ಣ, ಬೈದ್ರೆ ಎಲ್ಲಾ ಸರಿಹೋಗತ್ತೆ,” ಎಂದನಂತೆ.

ಊರಿನ ತಪ್ಪನ್ನೆಲ್ಲ ಹಿಡಿಯುವವರದೇ ಒಂದು ತಪ್ಪಿದೆ. ದೀಪದ ಬುಡದಲ್ಲಿ ಕತ್ತಲೆ. ಮೊದಲ ವರ್ಷ ಖಾನೆಯ ಚೌಕ ಬರೆಯುವಾಗ, ಪರದೆಯ ಚುಕ್ಕಿಗಳನ್ನು ಸೊನ್ನೆಯಿಂದ ಎಣಿಸಬೇಕಾದಲ್ಲಿ ಒಂದರಿಂದ ಎಣಿಸಿಬಿಟ್ಟರು. ಹಾಗಾಗಿ ಪ್ರತಿ ಚೌಕದ ಎಡಗಡೆಯ ಗೆರೆ ಒಂದೇ ಒಂದು ಚುಕ್ಕಿ ಒಳಸರಿದು ನಿಂತಿತು, ಮೂಲೆಗೆ ಕೂಡಲಿಲ್ಲ. ಗೊತ್ತಾಗುವ ಹೊತ್ತಿಗೆ ನೂರಾರು ಪ್ರೋಗ್ರಾಂಗಳು ಅದನ್ನೇ ಹೊತ್ತುಕೊಂಡು ಓಡಾಡುತ್ತಿದ್ದವು. ಆಮೇಲೆ ತಿದ್ದಿದರಾಯಿತು ಎಂದು ಬಿಟ್ಟರು.

ಒಂದು ದಿನ ಹಲ್ಲುನೋವೆಂದು ಡಾಕ್ಟರ ಬಳಿ ಹೋಗಿ ಕೂತಿದ್ದಾರೆ. ಎದುರಿನ ಪರದೆಯಲ್ಲಿ ಹೆಸರು ಬರೆಸುವ ಖಾನೆ. ಅದರ ಎಡಗೆರೆ ಒಂದು ಚುಕ್ಕಿ ಒಳಗೆ! “ಹಲ್ಲುನೋವೇ ಮರ್ತೋಯ್ತು. ಅಯ್ಯೋ, ನಂದು, ನಂದು ಅಂತ ಕೂಗ್ಬೇಕು ಅನ್ನಿಸ್ತು. ಯಾರಿಗೆ ಅಂತ ಹೇಳ್ಲಿ?” ಅಂದಿನಿಂದ ಹಿಡಿದ ಚಾಳಿ ಬಿಟ್ಟಿಲ್ಲ. ಲೈಬ್ರರಿ, ಲಿಫ್ಟು, ಪೆಟ್ರೋಲ್ ಬಂಕು, ಎಲ್ಲಿ ಪರದೆ ಕಂಡರೂ ಕತ್ತು ಚಾಚುತ್ತಾರೆ. ಔಷಧದಂಗಡಿಯಲ್ಲಿ ಕೌಂಟರಿನ ಮೇಲೆ ಅರ್ಧ ಮೈ ಚೆಲ್ಲಿ ಬಗ್ಗಿದಾಗ ಅಂಗಡಿಯವನು, “ಏನ್ ಸ್ವಾಮಿ, ಒಳಗೇ ಬರ್ತೀರಾ?” ಎಂದು ಕೇಳಿದ್ದನ್ನು ಹೆಂಡತಿ ಇಂದಿಗೂ ಹೇಳಿ ನಗುತ್ತಾರೆ. ಇಲ್ಲಿಯವರೆಗೆ ಎಪ್ಪತ್ತಮೂರು ಕಡೆ ಸಿಕ್ಕಿದೆ. ಎಪ್ಪತ್ತಮೂರೂ ಬಾಯಿಪಾಠ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ. “ಪುಸ್ತಕದಲ್ಲಿ ಬರ್ದೋರ ಹೆಸ್ರಿರತ್ತೆ, ಅಚ್ಚು ಹಾಕಿದೋರ ಹೆಸ್ರಿರತ್ತೆ. ಕರಡು ತಿದ್ದಿದೋನ ಹೆಸ್ರು ಎಲ್ಲಿರತ್ತೆ? ಇದ್ರಲ್ಲೂ ಅಷ್ಟೇ. ನಂದು ಅಂತ ಗೊತ್ತಾಗೋಕೆ ಇರೋದು ಆ ಗೆರೆ ಒಂದೇ,” ಎಂದು ಹೇಳುವಾಗ ಇವರ ದನಿ ಸಣ್ಣದಾಗುತ್ತದೆ.

ಈಗ ಆ ಗೆರೆಗೇ ಕುತ್ತು ಬಂದಿದೆ. ಹಸಿರು ಗುಂಡಿಯ ಹಿಂದೆ ಕಾದು ಕೂತಿರುವುದು ಎರಡು ಸಾಲಿನ ತಿದ್ದುಪಡಿ. ಕಳಿಸಿದವರು ಬಹುದೂರದ ಒಂದು ಕಣ್ಣಾಸ್ಪತ್ರೆಯಲ್ಲಿ ನಂಬರಿನ ಚೀಟಿ ಕೊಡುವ ಕೌಂಟರಿನಲ್ಲಿ ಕೂರುವ ಹೆಂಗಸು. ಪ್ರೋಗ್ರಾಂ ಬರೆಯುವುದನ್ನು ತಾನಾಗಿ ಕಲಿತವರು. ಆ ಆಸ್ಪತ್ರೆಯ ಗೋಡೆಯ ಮೇಲೆ ರೋಗಿಗಳ ನಂಬರು ತೋರಿಸುವ ದೊಡ್ಡ ಪರದೆ ಇದೆ, ಅದರಲ್ಲಿರುವುದೂ ಇವರದೇ ಚೌಕ. ಸಣ್ಣ ಪರದೆಯಲ್ಲಿ ಕಣ್ಣಿಗೇ ಬೀಳದ ತಪ್ಪು ಗೋಡೆಯಷ್ಟಾದಾಗ ಆ ಎಡಗೆರೆ ಚೌಕವನ್ನು ಬಿಟ್ಟು ಬೇರೆಯಾಗಿ, ನಂಬರಿನ ಪಕ್ಕ ಕಂಬದ ಹಾಗೆ ನಿಲ್ಲುತ್ತದೆ. ಮಂಜುಗಣ್ಣಿನವರಿಗೆ ಅದು 1 ಎಂದು ಕಾಣುತ್ತದೆ. 7 ಹೋಗಿ 17 ಆಗುತ್ತದೆ, 8 ಹೋಗಿ 18. ನಮ್ಮ ನಂಬರಲ್ಲ ಎಂದು ಅವರು ಸುಮ್ಮನೆ ಕೂತುಬಿಡುತ್ತಾರೆ.

ಚುಕ್ಕಿಯಣ್ಣ ಮೊದಲ ದಿನವೇ ತಿದ್ದುಪಡಿಯನ್ನು ಓದಿದರು. ಸರಿಯಾಗಿತ್ತು. ಬೇರೆ ಪ್ರೋಗ್ರಾಂಗಳು ಏರುಪೇರಾದಾವೇ ಎಂದು ಮೊದಲ ವಾರವೇ ಪರೀಕ್ಷಿಸಿದರು. ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ ಕುಂಟು ನೆಪ. ಹಳೆಯ ಕಂಪ್ಯೂಟರಿನಲ್ಲೂ ನೋಡಿ ಎಂದರು, ಆಕೆ ನೋಡಿದರು. ವಿವರಣೆಯನ್ನು ಇನ್ನಷ್ಟು ಬಿಡಿಸಿ ಬರೆಯಿರಿ ಎಂದರು, ಬರೆದರು. ಕೊನೆಗೆ ಆ ವಿವರಣೆಯ ಎರಡನೇ ಸಾಲಿಗೆ ಪೂರ್ಣವಿರಾಮ ಇಲ್ಲ ಎಂದರು! ಆಕೆ ಅದನ್ನೂ ಹಾಕಿದರು. ಹೀಗೆ ಮೀನಮೇಷ ಎಣಿಸುತ್ತ ಆರು ವಾರ ಕಳೆದವು. ಆರು ವಾರವೂ ಇವರ ತಲೆಯೊಳಗೆ ಇರುವೆ ಬಿಟ್ಟ ಹಾಗಿತ್ತು. ಊಟಕ್ಕೆ ಕೂತರೆ ಕಾಲು ಅಲ್ಲಾಡುತ್ತಿತ್ತು, ಕರಡು ಓದುವಾಗ ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದರು.

ನಿನ್ನೆ ಸಂಜೆ ಆಕೆಯ ಪತ್ರ ಬಂತು. “ಸರ್, ಇವತ್ತು ಬಡಗಿ ಕೆಲಸದ ಒಬ್ಬ ಅಜ್ಜ ಬಂದಿದ್ದರು. ಎಂಟನೇ ನಂಬರು. ಹದಿನೆಂಟು ಅಂತ ಓದಿಕೊಂಡು ಬೆಳಗಿನಿಂದ ಕೂತೇ ಇದ್ದರು. ನಾನೂ ಕೂಗುತ್ತೇನೆ, ಆ ಗದ್ದಲದಲ್ಲಿ ಎಷ್ಟಂತ ಕೂಗಲಿ? ಡಾಕ್ಟರು ಹೊರಟುಹೋದರು. ಅವರ ಆಪರೇಷನ್ನಿನ ದಿನ ಮೂರು ತಿಂಗಳು ಮುಂದೆ ಹೋಯಿತು. ನೀವು ಒಪ್ಪದ ತಿದ್ದುಪಡಿಯನ್ನು ಆಸ್ಪತ್ರೆಯವರು ಹಾಕುವುದಿಲ್ಲ ಅನ್ನುತ್ತಾರೆ. ಇನ್ನೇನು ತಿದ್ದಬೇಕು ಹೇಳಿ ಸರ್, ತಿದ್ದುತ್ತೇನೆ. ಆದರೆ ಬೇಗ ಹೇಳಿ.”

ಐದು ಸಲ ಓದಿದರು. ಆಮೇಲೆ ಎದ್ದು ಮುಂದಿನ ಕೋಣೆಗೆ ಹೋದರು. ಅಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವುದು ಅಲ್ಲೇ. ಆರು ವಾರದಿಂದ ಬಾಯಿಬಿಡದಿದ್ದದ್ದನ್ನು ಒಂದೇ ಉಸಿರಿಗೆ ಹೇಳಿದರು. ಆಕೆ ಯಂತ್ರ ನಿಲ್ಲಿಸಿ ಹಲ್ಲಿನಲ್ಲಿ ದಾರ ಕಡಿದರು.

“ಅಂದ್ರೆ, ನಿಮ್ಮ ಗುರುತು ಉಳೀಲಿ ಅಂತ ಆ ಅಜ್ಜ ಕಾಯ್ಬೇಕಾ?”

“ಹಾಗಲ್ಲ ಕಣೇ...”

“ಮತ್ತೆ ಹೇಗ್ರೀ?”

ಆ ಒಂದು ಪ್ರಶ್ನೆಗಾಗಿಯೇ ಈ ಬೆಳಿಗ್ಗೆ ಗೋಡೆಯಿಂದ ಗೋಡೆಗೆ ನಡೆಯುತ್ತಿರುವುದು. ಐದೂ ಮುಕ್ಕಾಲಿಗೆ ಹಾಲಿನವನ ಗಂಟೆ ಕೇಳುತ್ತದೆ. ಮಗಳು ಎದ್ದು ಬಂದು, “ಅಪ್ಪಾ, ದಾರಿ ಬಿಡು,” ಎಂದು ಬಚ್ಚಲಿಗೆ ಹೋಗುತ್ತಾಳೆ. ದಾರಿ ಬಿಡಲೆಂದು ಕುರ್ಚಿಗೆ ಒತ್ತಿಕೊಂಡವರು ಹಾಗೇ ಕೂರುತ್ತಾರೆ, ಕೂತಲ್ಲಿಂದಲೇ ಹಸಿರು ಗುಂಡಿ ಒತ್ತಿಬಿಡುತ್ತಾರೆ. ಒಂದು ಸದ್ದೂ ಇಲ್ಲ. ಹತ್ತೊಂಬತ್ತು ವರ್ಷದ ಗೆರೆ ಮೂಲೆಗೆ ಹೋಗಿ ಕೂಡಿಕೊಳ್ಳುತ್ತದೆ. ಇವರ ಕಣ್ಣು ತುಂಬಿಕೊಳ್ಳುತ್ತದೆ, ಅದನ್ನು ಮುಚ್ಚಿಡುವುದೂ ಇಲ್ಲ.

ಆಮೇಲೆ ಆಕೆಗೆ ಒಂದು ಪತ್ರ. ಅರ್ಧ ಗಂಟೆ ಬರೆದು ಬರೆದು ಅಳಿಸಿ ಕೊನೆಗೆ ಉಳಿದದ್ದು ಮೂರೇ ಸಾಲು. “ನಿಮ್ಮ ಕೆಲಸ ಮೊದಲ ದಿನದಿಂದಲೂ ಸರಿಯಿತ್ತು. ತಡ ಮಾಡಿದ್ದು ನಾನು. ಅಜ್ಜನವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ.” ಅಂದೇ ಹೊಸ ಆವೃತ್ತಿ ಹೊರಡುತ್ತದೆ, ಎಂಟೂಕಾಲಿಗೆ ಸರಿಯಾಗಿ ಇವರೂ ಊಟದ ಡಬ್ಬಿ ಹಿಡಿದು ಹೊರಡುತ್ತಾರೆ.

ಇದಾಗಿ ಈಗ ಎರಡು ತಿಂಗಳು. ಪರದೆಗಳು ಒಂದೊಂದಾಗಿ ಬದಲಾಗುತ್ತಿವೆ. ಮೊದಲು ಲೈಬ್ರರಿಯದು ಹೋಯಿತು, ಆಮೇಲೆ ಲಿಫ್ಟಿನದು, ಹೋದ ವಾರ ಹಲ್ಲಿನ ಡಾಕ್ಟರದೂ. ಕತ್ತು ಚಾಚುವ ಚಾಳಿ ಮಾತ್ರ ಹೋಗಿಲ್ಲ. ಚಾಚಿದರೆ ಕಾಣುವುದೇನೂ ಇಲ್ಲ. ಎಲ್ಲ ಚೌಕಗಳೂ ಚೌಕಗಳಂತೆಯೇ ಇವೆ. ಕಣ್ಣಾಸ್ಪತ್ರೆಯಾಕೆ ಒಂದು ಸಲ ಬರೆದಿದ್ದರು: “ಇವತ್ತು ಎಂಟು ಬಂದಾಗ ಎಂಟನೇ ನಂಬರಿನವರೇ ಎದ್ದು ಹೋದರು ಸರ್.” ಅಜ್ಜನ ಸರದಿಗೆ ಮಾತ್ರ ಇನ್ನೂ ಒಂದು ತಿಂಗಳಿದೆ. ವಾರಕ್ಕೊಮ್ಮೆ ಇವರು ವಿಚಾರಿಸುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, “ಆ ಅಜ್ಜಂಗೆ ಕಣ್ಣು ಬಂದ್ಬಿಡ್ಲಿ. ಅಲ್ಲೀತನಕ ನಂಗೆ ಸರಿಯಾಗಿ ನಿದ್ದೆ ಬರಲ್ಲ,” ಎನ್ನುತ್ತಾರೆ.

ಮೊನ್ನೆ ಗಂಡಹೆಂಡತಿ ಅಂಚೆ ಕಚೇರಿಗೆ ಹೋಗಿದ್ದರು. ಬೆಂಚು ತುಂಬ ಜನ. ಎದುರು ಗೋಡೆಯ ಪರದೆಯ ಮೇಲೆ ನಂಬರು ಬಂತು. ಕೋಲು ಹಿಡಿದಿದ್ದ ಒಬ್ಬಾಕೆ ತಲೆಯೆತ್ತಿ ಓದಿಕೊಂಡು, ಯಾರನ್ನೂ ಕೇಳದೆ ಎದ್ದು ಕೌಂಟರಿಗೆ ಹೋದರು. ಚುಕ್ಕಿಯಣ್ಣ ಆ ಪರದೆಯನ್ನೇ ನೋಡುತ್ತ ನಿಂತಿದ್ದಾರೆ. ಹೆಂಡತಿ ಪಕ್ಕೆಗೆ ತಿವಿದು, “ಇದೂ ನಿಮ್ದೇನಾ ರೀ?” ಎಂದು ಕೇಳಿದರು.

“ಗೊತ್ತಾಗ್ತಿಲ್ಲ ಕಣೇ,” ಎಂದರು ಇವರು. ಇನ್ನೊಮ್ಮೆ ಕತ್ತು ಚಾಚಿ ನೋಡಿ, “ಈಗ ಯಾವ್ದು ಕಂಡ್ರೂ ನಂದೇ ಇರ್ಬಹುದು ಅನ್ಸತ್ತೆ,” ಎಂದರು.